ರೀಲು ಮುಗಿಸೋಕೆ ಹೊಡೆದದ್ದು

ಅಟ್ಟದಲ್ಲಿದ್ದ ಎನ್ಲಾರ್ಜರ್ ಒಯ್ಯಲು ತಂಗಿಯ ಮಗಳು ಶನಿವಾರ ಬೆಳಗಿನ ರೈಲಿಗೇ ಬೆಂಗಳೂರಿನಿಂದ ಬಂದಿಳಿದಳು. ನಲವತ್ತರ ಹೆಂಗಸು, ಕೊರಳಲ್ಲಿ ಅವಳಿಗಿಂತ ವಯಸ್ಸಾದ ಒಂದು ಕ್ಯಾಮೆರಾ. ಎರಡು ವರ್ಷದಿಂದ ರೀಲು ಹಾಕಿ ಫೋಟೊ ತೆಗೆಯುವ ಹುಚ್ಚು ಹತ್ತಿದೆ. ನನಗೆ ಆ ಹುಚ್ಚು ಹತ್ತಿದ್ದು 1972ರಲ್ಲಿ, ಇಳಿದದ್ದು 2005ರಲ್ಲಿ. ಎನ್ಲಾರ್ಜರ್ ಹಿಂದೆಯೇ ಎರಡು ಟ್ರಂಕು ನೆಗೆಟಿವ್ ಕೂಡ ಅಟ್ಟದಿಂದ ಇಳಿದವು. ಸರಸ್ವತಿಪುರಂನ ಇದೇ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು, ಹಳೇ ಪಂಚೆಯ ತುಂಡಿನಿಂದ ಧೂಳು ಒರೆಸುತ್ತ ಕೂತೆವು.

ಅವಳು: ಮಾಮ, ಇಪ್ಪತ್ತು ವರ್ಷ ಆದ್ರೂ ಬೆಲ್ಲೋಸ್ ಒಂದು ಚೂರೂ ಹರಿದಿಲ್ಲ ನೋಡಿ!

ನಾನು: ಜಿರಲೆಗಳಿಗೆ ರುಚಿ ಹತ್ತಿಲ್ಲ, ಅಷ್ಟೆ. ಲೆನ್ಸ್ ಬಿಚ್ಚಿ ಕಿಟಕಿಗೆ ಹಿಡಿ. ಒಳಗೆ ಜೇಡರ ಬಲೆ ಥರ ಏನಾದ್ರೂ ಕಾಣುತ್ತಾ?

ಅವಳು: ಅಂಚಲ್ಲಿ ಒಂದಿಷ್ಟು ಇದೆ.

ನಾನು: ಫಂಗಸ್ಸು. ಗಾಜನ್ನೂ ಬಿಡಲ್ಲ ಅದು. ಅಂಚಲ್ಲಿದ್ರೆ ಚಿಂತೆ ಇಲ್ಲ, ಎಫ್ 8ಕ್ಕೋ 11ಕ್ಕೋ ಇಳಿಸಿ ಪ್ರಿಂಟ್ ಮಾಡಿದ್ರೆ ಗೊತ್ತಾಗಲ್ಲ. ಅದ್ಸರಿ, ಇಷ್ಟು ದೊಡ್ಡ ಕಂಬನ ನಿನ್ನ ಫ್ಲಾಟಲ್ಲಿ ಎಲ್ಲಿ ಇಡ್ತೀಯ?

ಅವಳು: ಎರಡನೇ ಬಾತ್‌ರೂಮಲ್ಲಿ. ಅದನ್ನೇ ಡಾರ್ಕ್‌ರೂಮ್ ಮಾಡ್ತೀನಿ. ನಿಜ ಹೇಳ್ತೀನಿ ಮಾಮ, ನಿಮ್ಮನ್ನ ನೆನೆಸ್ಕೊಂಡ್ರೆ ಹೊಟ್ಟೆಕಿಚ್ಚಾಗುತ್ತೆ. ಆ ಕೆಂಪು ಬೆಳಕು, ನೀರೊಳಗೆ ನಿಧಾನಕ್ಕೆ ಏಳೋ ಮುಖ, ಹೊರಗಿನ ಪ್ರಪಂಚಾನೇ ಮರೆತು...

ನಾನು: ಹೊರಗಿನ ಪ್ರಪಂಚ ಬಾಗಿಲು ಬಡೀತಿತ್ತು ಕಣೇ! ಏಳು ಜನಕ್ಕೆ ಒಂದೇ ಬಚ್ಚಲುಮನೆ. ನಮ್ಮಜ್ಜಿ ನಾಲ್ಕು ಗಂಟೆಗೆ ಎದ್ದು ತಣ್ಣೀರಲ್ಲಿ ಮಿಂದು ಮಡಿಯುಟ್ಟು ಹೊರಗೆ ಬಂದ ಮೇಲೆ, ಅಮ್ಮ ಹಂಡೆ ಒಲೆಗೆ ಉರಿ ಹಾಕೋದಕ್ಕೆ ಮುಂಚೆ, ನಾಲ್ಕೂಕಾಲರಿಂದ ಐದೂವರೆವರೆಗೆ ನನ್ನ ಪಾಳಿ. ಗವಾಕ್ಷಿಗೆ ಗೋಣಿಚೀಲ, ಬಾಗಿಲ ಸಂದಿಗೆ ಅಪ್ಪನ ಹಳೇ ಪಂಚೆ. ಹಂಡೆ ಮುಚ್ಚಳದ ಮೇಲೆ ಹಲಗೆ, ಹಲಗೆ ಮೇಲೆ ಎನಾಮಲ್ ಟ್ರೇ ಮೂರು. ಬಟ್ಟೆ ಒಗೆಯೋ ಕಲ್ಲಿನ ಮೇಲೆ ಎನ್ಲಾರ್ಜರ್. ಕೆಂಪು ಬಣ್ಣ ಬಳಿದ ಜೀರೋ ಕ್ಯಾಂಡಲ್ ಬಲ್ಬು. ಇದರಲ್ಲಿ ಹೊಟ್ಟೆಕಿಚ್ಚು ಪಡೋಂಥದ್ದು ಏನಿದೆ, ತೋರಿಸು.

ಅವಳು: ನಾಲ್ಕು ಗಂಟೆಗೆ ಏಳೋದಕ್ಕಂತೂ ಪಡಲ್ಲ ಬಿಡಿ.

ನಾನು: ಎದ್ದದ್ದು ಪುಣ್ಯಕ್ಕಲ್ಲ, ನೀರಿಗೆ. ಪುಸ್ತಕದಲ್ಲಿ ಎಲ್ಲಾ ಲೆಕ್ಕವೂ 20 ಡಿಗ್ರಿಗೆ. ಅವರೂರಿನ ನಲ್ಲೀಲಿ ಅದು ತಾನಾಗೇ ಬರುತ್ತೋ ಏನೋ. ನಮ್ಮಲ್ಲಿ ಮಧ್ಯಾಹ್ನದ ಹೊತ್ತು ತೊಟ್ಟಿ ನೀರಿಗೆ ಕೈಯಿಟ್ರೆ ಕಷಾಯ. 20ಕ್ಕೆ ಎಂಟು ನಿಮಿಷ ತಗೊಳ್ಳೋ ಫಿಲ್ಮು 24ಕ್ಕೆ ಐದೂವರೆ, ಆರರಲ್ಲೇ ಆಗಿಹೋಗುತ್ತೆ. ಅದಕ್ಕೂ ಮೇಲೆ ಹೋದ್ರೆ ಜೆಲಾಟಿನ್ ಪದರ ಮೆತ್ತಗಾಗಿ ಬೆರಳಿಗೆ ಅಂಟೋದು. ಬಿಸಿ ದ್ರಾವಣದಿಂದ ತೆಗೆದು ತಟ್ಟನೆ ತಣ್ಣೀರಿಗೆ ಹಾಕಿದೆಯೋ, ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರುಕು ಬಿಡೋದು. ಏಪ್ರಿಲ್ ಬಂತು ಅಂದ್ರೆ ಐಸ್‌ಕ್ಯಾಂಡಿ ಅಂಗಡಿಯಿಂದ ಐಸು ತಂದು ಟಬ್ಬಿಗೆ ಹಾಕಿ, ಅದರೊಳಗೆ ಬಾಟಲಿ ನಿಲ್ಲಿಸ್ತಿದ್ದೆ. ಆ ಬಾಟಲಿಗಳದ್ದೇ ಒಂದು ಪುರಾಣ.

ಅವಳು: ಬಿಯರ್ ಬಾಟಲಿ ತಾನೇ? ಅಮ್ಮ ಹೇಳಿದಾಳೆ.

ನಾನು: ಹ್ಞೂಂ. ಡೆವಲಪರ್‌ಗೆ ಗಾಳಿ, ಬೆಳಕು ಎರಡೂ ಆಗಲ್ಲ. ಕಂದು ಗಾಜಿನ ಬಾಟಲಿ ಬೇಕು. ಗುಜರಿಯವನ ಹತ್ತಿರ ಸಿಗ್ತಿದ್ದ ಕಂದು ಬಾಟಲಿ ಅಂದ್ರೆ ಅದೊಂದೇ. ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸತು, ಹುಡುಗ ಹಾಳಾದ ಅಂತ ಅಪ್ಪ ಒಂದು ವಾರ ಮಾತು ಬಿಟ್ರು. ಅಜ್ಜಿ ಮಾತ್ರ ಮೂಸಿ ನೋಡಿ, "ಇದು ಹೆಂಡ ಅಲ್ಲ ಕಣೋ, ಹೆಂಡಕ್ಕೆ ಇಷ್ಟು ಕೆಟ್ಟ ವಾಸನೆ ಇರಲ್ಲ" ಅಂದ್ರು. ಹೆಂಡದ ವಾಸನೆ ಅವರಿಗೆ ಹೇಗೆ ಗೊತ್ತು ಅಂತ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ.

ಅವಳು: ಡೆವಲಪರ್ ನೀವೇ ಕಲಸ್ತಿದ್ರಾ? ನಾನು ಪ್ಯಾಕೆಟ್ ತಂದು ನೀರಿಗೆ ಸುರೀತೀನಿ, ಮುಗೀತು.

ನಾನು: ಪ್ಯಾಕೆಟ್‌ಗೆ ದುಡ್ಡೆಲ್ಲಿತ್ತು? ಡಿ-76. ಕೊಡಕ್‌ನವರು 1920ರ ದಶಕದಲ್ಲಿ ಕೊಟ್ಟ ಸೂತ್ರ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಮಗ್ಗಿ ಥರ ಹೇಳ್ತೀನಿ: ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೋರಾಕ್ಸ್ 2, ಒಟ್ಟು 1 ಲೀಟರ್. ಮೊದಲು ಬಿಸಿನೀರಲ್ಲಿ ಒಂದು ಚಿಟಿಕೆ ಸಲ್ಫೈಟು, ಆಮೇಲೆ ಮೆಟಾಲು, ಅದು ಪೂರ್ತಿ ಕರಗಿದ ಮೇಲೆ ಮಿಕ್ಕ ಸಲ್ಫೈಟು. ಅಷ್ಟನ್ನೂ ಮೊದಲೇ ಸುರಿದ್ರೆ ಮೆಟಾಲ್ ಕರಗದೆ ಹಟ ಹಿಡಿಯುತ್ತೆ. ಒಗ್ಗರಣೆ ಇದ್ದ ಹಾಗೆ, ಯಾವುದರ ಹಿಂದೆ ಯಾವುದು ಅನ್ನೋದೇ ಮುಖ್ಯ. ಆದ್ರೆ ಆ ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರಲ್ಲ. ನನಗೂ ಆಗಲಿಲ್ಲ. ಹತ್ತು ವರ್ಷ ಬೆರಳ ಸಂದಿ ಸುಲೀತಿತ್ತು, ಉಗುರು ಕಂದು. ಕ್ಯಾಶ್ ಕೌಂಟರಲ್ಲಿ ಕೂತು ನೋಟು ಎಣಿಸೋವಾಗ ಜನ ನನ್ನ ಕೈ ನೋಡಿ ಆ ಕಡೆ ಕೌಂಟರಿಗೆ ಹೋಗ್ತಿದ್ರು. ನೀನು ಗ್ಲವ್ಸ್ ಹಾಕ್ಕೋ.

ಅವಳು: ಟೈಮರ್ ಏನಿತ್ತು? ಟ್ರಂಕಲ್ಲಿ ಕಾಣ್ತಿಲ್ಲ.

ನಾನು: ಟೈಮರ್ ಪಡಸಾಲೆಯಲ್ಲಿ ಕೂತು ವಿಷ್ಣು ಸಹಸ್ರನಾಮ ಹೇಳ್ತಿತ್ತು.

ಅವಳು: ಏನು?

ನಾನು: ತಮಾಷೆ ಅಲ್ಲ. ನನ್ನ ಗಡಿಯಾರದ ಮುಳ್ಳು ಆ ಕೆಂಪು ಬೆಳಕಲ್ಲಿ ಕಾಣ್ತಿರಲಿಲ್ಲ. ಅಜ್ಜಿ ದಿನಾ ಅದೇ ಹೊತ್ತಿಗೆ, ಅದೇ ಧಾಟೀಲಿ ಹೇಳೋರು. ಒಂದು ಶ್ಲೋಕಕ್ಕೆ 8 ಸೆಕೆಂಡು, ಅಳೆದು ನೋಡಿದ್ದೆ. ಸಾಧಾರಣ ನೆಗೆಟಿವ್‌ಗೆ ಒಂದೂವರೆ ಶ್ಲೋಕ ಎಕ್ಸ್‌ಪೋಷರ್. ಆಕಾಶ ತೀರಾ ಬಿಳಿಚಿಕೊಂಡಿದ್ರೆ, ಮಿಕ್ಕ ಭಾಗಕ್ಕೆ ಕೈ ಅಡ್ಡ ಹಿಡಿದು ಆಕಾಶಕ್ಕೆ ಮಾತ್ರ ಇನ್ನೆರಡು ಶ್ಲೋಕ. ಆ ಕೈ ಆಡಿಸ್ತಾನೇ ಇರಬೇಕು, ನಿಂತ್ರೆ ಅಂಚು ಗೆರೆ ಬೀಳುತ್ತೆ. ಒಳಗೆ ನಾನು ಎನ್ಲಾರ್ಜರ್ ಕೆಳಗೆ ತೊಗಲುಗೊಂಬೆ ಆಡಿಸೋನ ಹಾಗೆ ಕೈ ತಿರುಗಿಸ್ತಾ, ಹೊರಗೆ ಅಜ್ಜಿ ಹಿಮ್ಮೇಳ. ಅವರಿಗೆ ಕೆಮ್ಮು ಬಂದ ದಿನ ಪ್ರಿಂಟೆಲ್ಲ ಕಪ್ಪು.

ಅವಳು: ಅಜ್ಜಿಗೆ ಗೊತ್ತಿತ್ತಾ ಇದು?

ನಾನು: ಗೊತ್ತಿದ್ದಿದ್ರೆ ಬಿಡ್ತಿದ್ರಾ? ಗೊತ್ತಾಗಬಾರದ್ದು ಇನ್ನೂ ಒಂದಿತ್ತು. ಫಿಲ್ಮಿನ ಮೇಲೆ ಬೆಳ್ಳಿ ಲವಣಗಳನ್ನ ಹಿಡಿದಿಟ್ಟಿರೋದು ಜೆಲಾಟಿನ್. ಜೆಲಾಟಿನ್ ಬರೋದು ದನದ ಮೂಳೆ, ಚರ್ಮದಿಂದ. ಲೈಬ್ರರಿ ಪುಸ್ತಕದಲ್ಲಿ ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಡಿ ನೀರಿನ ಹಂಡೆ ಮೇಲೆ ಅದನ್ನ ಇಟ್ಕೊಂಡು ಕೂತಿದ್ದೀನಲ್ಲ ಅಂತ. ಬೆಳಗ್ಗೆ ಎದ್ದು ಮತ್ತೆ ಅದೇ ಹಲಗೆ ಮೇಲೆ ಅದೇ ಟ್ರೇ ಜೋಡಿಸ್ದೆ ಅನ್ನು. ಅದರಲ್ಲೊಂದು ಸೋಜಿಗ ಕೇಳು. ಕೆಲವು ಸಲದ ಜೆಲಾಟಿನ್‌ನಲ್ಲಿ ಮಾಡಿದ ಫಿಲ್ಮು ಬೆಳಕಿಗೆ ತುಂಬಾ ಚುರುಕು, ಕೆಲವು ಸಲದ್ದು ಮಂಕು. ಯಾಕೆ ಅಂತ ಯಾರಿಗೂ ತಿಳೀದು. 1920ರ ದಶಕದಲ್ಲಿ ಕೊಡಕ್ ಪ್ರಯೋಗಾಲಯದ ಶೆಪ್ಪರ್ಡ್ ಅನ್ನೋರು ಪತ್ತೆ ಹಚ್ಚಿದ್ರು: ಗಂಧಕದ ಅಂಶ. ಸಾಸಿವೆಯಂಥ ಗಿಡ ಮೇಯ್ದ ದನದ ಜೆಲಾಟಿನ್‌ನಲ್ಲಿ ಸಾಸಿವೆ ಎಣ್ಣೆಯ ಸುಳಿವು ಉಳಿದಿರುತ್ತೆ, ಅದರ ಗಂಧಕದಿಂದ ಫಿಲ್ಮು ಚುರುಕಾಗುತ್ತೆ. ನಮ್ಮಮ್ಮ ಅಡುಗೆಮನೇಲಿ ಸಾಸಿವೆ ಚಟಪಟ ಅನ್ನಿಸಿದಾಗೆಲ್ಲ ನನಗೆ ಅದೇ ನೆನಪು.

ಅವಳು: ನಾನು ಈ ಕೆಮಿಸ್ಟ್ರೀನೆಲ್ಲ ಓದೋಕೆ ಹೋಗಿಲ್ಲ. ಮ್ಯಾಜಿಕ್ ಆಗೇ ಇರಲಿ ಅಂತ.

ನಾನು: ಓದು. ಓದಿದ್ರೆ ಇನ್ನೂ ಸೊಗಸು. ಶಟರ್ ಒತ್ತಿದ ಕ್ಷಣದಲ್ಲಿ ಫಿಲ್ಮ್ ಮೇಲೆ ಚಿತ್ರ ಬಿದ್ದಿರುತ್ತೆ, ಆದ್ರೆ ಯಾವ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೂ ಕಾಣಲ್ಲ. ಬೆಳಕು ತಾಗಿದ ಒಂದೊಂದು ಹರಳಲ್ಲೂ ನಾಲ್ಕಾರು ಬೆಳ್ಳಿ ಪರಮಾಣು ಕೂಡಿಕೊಂಡಿರುತ್ತೆ, ಅಷ್ಟೆ. ಅದು ಹೆಪ್ಪು. ಪಾತ್ರೆ ಹಾಲಿಗೆ ಒಂದು ತೊಟ್ಟು ಮಜ್ಜಿಗೆ ಬಿಟ್ಟ ಹಾಗೆ. ಡೆವಲಪರ್ ಬಂದು ಹೆಪ್ಪು ಬಿದ್ದ ಹರಳನ್ನ ಇಡಿಯಾಗಿ ಬೆಳ್ಳಿ ಮಾಡುತ್ತೆ, ಬೀಳದ್ದನ್ನ ಹಾಗೇ ಬಿಡುತ್ತೆ. ಆ ಬಿಟ್ಟದ್ದನ್ನ ಕರಗಿಸಿ ತೆಗೆಯೋದು ಹೈಪೋ. ಹರ್ಷೆಲ್ ಅನ್ನೋ ಇಂಗ್ಲಿಷ್ ವಿಜ್ಞಾನಿ, ಹೈಪೋ ಬೆಳ್ಳಿ ಲವಣ ಕರಗಿಸುತ್ತೆ ಅಂತ 1819ರಲ್ಲೇ ಕಂಡುಕೊಂಡಿದ್ದ. ಆಗ ಫೋಟೊಗ್ರಫೀನೇ ಇರಲಿಲ್ಲ. 20 ವರ್ಷ ಆದ ಮೇಲೆ, 1839ರಲ್ಲಿ, ಚಿತ್ರ ಮೂಡಿಸೋದು ಜನಕ್ಕೆ ಗೊತ್ತಾಗಿ, ಮೂಡಿದ್ದನ್ನ ನಿಲ್ಲಿಸೋದು ಹೇಗೆ ಅಂತ ತಲೆ ಕೆಡಿಸ್ಕೊಂಡಾಗ ಉತ್ತರ ಅವನ ಹತ್ತಿರ ರೆಡಿ.

ಅವಳು: ಹೈಪೋ ಅಂದ್ರೆ ನೆನಪಾಯ್ತು. ಅಮ್ಮನ ಮದುವೆ.

ನಾನು: ಆ ವಿಷಯ ಬೇಡ.

ಅವಳು: ಮಾಮ, ನಮ್ಮ ಮನೇಲಿ ಯಾರ ಮದುವೆ ಆಲ್ಬಂ ತೆಗೆದ್ರೂ ಆ ಮಾತು ಬರುತ್ತೆ. ನಿಮ್ಮ ಬಾಯಲ್ಲಿ ಒಂದ್ಸಲಾನೂ ಕೇಳಿಲ್ಲ. ಅಮ್ಮ ಹೇಳೋದು ಇಷ್ಟೇ: "ನಿಮ್ಮ ಮಾವ ನನ್ನ ಧಾರೆ ತೊಳೆದುಹಾಕಿದ."

ನಾನು: ಸರಿಯಾಗೇ ಹೇಳಿದಾಳೆ. 1979, ಫೆಬ್ರವರಿ. ಸ್ಟುಡಿಯೋದವರನ್ನ ಕರೆಸೋಣ ಅಂತ ಅಪ್ಪ ಅಂದ್ರು. ನಾನಿರುವಾಗ ಅವರ್ಯಾಕೆ ಅಂದೆ. ಆಗ ನನ್ನ ಹತ್ತಿರ ಸೆಕೆಂಡ್‌ಹ್ಯಾಂಡ್ ಯಾಶಿಕಾ, ಎರಡು ಕಣ್ಣಿನದು, ಎದೆ ಮಟ್ಟಕ್ಕೆ ಹಿಡಿದು ಮೇಲಿಂದ ತಲೆ ತಗ್ಗಿಸಿ ನೋಡೋದು. ರೀಲಿಗೆ ಹನ್ನೆರಡೇ ಫೋಟೊ. ಓರ್ವೋ ಎನ್‌ಪಿ 22 ಹಾಕ್ತಿದ್ದೆ, ಪೂರ್ವ ಜರ್ಮನಿಯ ವೋಲ್ಫೆನ್ ಊರಿನ ಫಿಲ್ಮು. 22 ಅಂದ್ರೆ ಅವರ ಡಿನ್ ಲೆಕ್ಕದ ವೇಗ, ನಮ್ಮ ಲೆಕ್ಕಕ್ಕೆ 125. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಇಂದು ಕೂಡ ಸಿಗ್ತಿತ್ತು. ಯಾವತ್ತು ಯಾವುದು ಸಿಗುತ್ತೋ ಅದು. ಧಾರೆಗೆ ಒಂದು ರೀಲು, ಊಟಕ್ಕೆ, ಕಳಿಸಿಕೊಡೋದಕ್ಕೆ ಇನ್ನೊಂದು.

ಅವಳು: ಮಾರನೇ ದಿನ ಬೀಗರು ಹೊರಡೋ ಅಷ್ಟರಲ್ಲಿ ಫೋಟೊ ಕೈಗೆ ಕೊಡ್ತೀನಿ ಅಂತ ಜಂಬ ಕೊಚ್ಚಿದ್ರಂತೆ.

ನಾನು: ಅದೇ ಎಡವಟ್ಟು. ರಾತ್ರಿ ಹನ್ನೊಂದಕ್ಕೆ ಛತ್ರದಿಂದ ಬಂದೆ, ಕಣ್ಣು ಉರೀತಿದೆ. ರಜಾಯಿ ಒಳಗೆ ಕೂತು ಕತ್ತಲಲ್ಲೇ ರೀಲು ಸುರುಳಿಗೆ ಸುತ್ತಿದೆ. ಕೈ ಬೆವರಿದ್ರೆ ಆ ಪ್ಲಾಸ್ಟಿಕ್ ಸುರುಳಿ ಅರ್ಧದಲ್ಲೇ ಕಚ್ಚಿಕೊಳ್ಳುತ್ತೆ, ಮೂರು ಸಲ ಬಿಚ್ಚಿ ಸುತ್ತಿದೆ. ಟ್ಯಾಂಕಿಗೆ ಹಾಕಿ ಮುಚ್ಚಿ ಬಚ್ಚಲುಮನೆಗೆ ಹೋದೆ. ಮೂರು ದಿನದಿಂದ ನೆಂಟರಿಗೆ ಅಂತ ಹಂಡೆ ಕುದೀತಾನೇ ಇತ್ತಲ್ಲ, ಆವಿಗೆ ಬಾಟಲಿ ಚೀಟಿಗಳೆಲ್ಲ ಕಳಚಿಹೋಗಿವೆ. ಎರಡೂ ಒಂದೇ ಕಂದು, ಒಂದೇ ಎತ್ತರ. ಮೂಸಿ ನೋಡಬೇಕಿತ್ತು. ಅಜ್ಜಿಗೆ ಇದ್ದ ಬುದ್ಧಿ ನನಗಿರಲಿಲ್ಲ. ಸುರಿದೆ. ಎಂಟು ನಿಮಿಷ ಅಲ್ಲಾಡಿಸ್ದೆ. ಆಮೇಲೆ ಎರಡನೇ ಬಾಟಲಿ. ತೊಳೆದು ತೆಗೆದು ಬಲ್ಬಿಗೆ ಹಿಡಿದ್ರೆ ಗಾಜು. ಕನ್ನಡಕಕ್ಕೆ ಹಾಕಿಸ್ಕೋಬಹುದು, ಅಷ್ಟು ಸ್ವಚ್ಛ.

ಅವಳು: ಕ್ಯಾಮೆರಾ ಕೈಕೊಟ್ಟಿರಬಹುದಲ್ಲ?

ನಾನು: ನಾನೂ ಒಂದು ಗಳಿಗೆ ಹಾಗೇ ಆಸೆಪಟ್ಟೆ. ಆದ್ರೆ ಫಿಲ್ಮಿನ ಅಂಚಲ್ಲಿ ಕಂಪನಿ ಹೆಸರು, ನಂಬರು ಇರುತ್ತಲ್ಲ, ಅದನ್ನ ಕಾರ್ಖಾನೇಲೇ ಬೆಳಕಿನಿಂದ ಒತ್ತಿರ್ತಾರೆ. ಕ್ಯಾಮೆರಾ ಕೆಟ್ಟಿದ್ರೆ ಚಿತ್ರ ಇರಲ್ಲ, ಅಂಚಿನ ಅಕ್ಷರ ಇರುತ್ತೆ. ಇಲ್ಲಿ ಅದೂ ಇಲ್ಲ. ಅಂದ್ರೆ ಹೈಪೋ ಮೊದಲು ಹೋಗಿದೆ. ಹೆಪ್ಪು, ಹಾಲು ಎಲ್ಲಾ ಒಟ್ಟಿಗೆ ಮೋರಿಗೆ. ಆಮೇಲೆ ಬ್ರಹ್ಮ ಬಂದ್ರೂ ಆಗಲ್ಲ. ಎರಡನೇ ರೀಲು ಬಾಟಲಿ ಮೂಸಿ ತೊಳೆದೆ, ಚೆನ್ನಾಗೇ ಬಂತು. ಅದಕ್ಕೇ ನಿಮ್ಮಮ್ಮನ ಆಲ್ಬಮ್ಮಲ್ಲಿ ಹೋಳಿಗೆ ಬಡಿಸೋದಿದೆ, ಎಲೆ ಎತ್ತೋದಿದೆ, ಯಾರದ್ದೋ ಮಗು ಅಳೋದಿದೆ. ಧಾರೆ ಇಲ್ಲ.

(ಇಲ್ಲಿ ಸ್ವಲ್ಪ ಹೊತ್ತು ಮಾತು ನಿಂತಿತು. ಒಳಗಿಂದ ಕಾಫಿ ಬಂತು. ಆಕೆ ಟ್ರಂಕಿನ ತಳದಿಂದ ರಟ್ಟಿನ ಫೈಲುಗಳನ್ನು ತೆಗೆದು, ಕಾಂಟ್ಯಾಕ್ಟ್ ಶೀಟುಗಳನ್ನು ಚಾಪೆಯ ಮೇಲೆ ಹರಡಿದಳು. ಒಂದೊಂದು ಹಾಳೆಯ ಮೇಲೂ ಹನ್ನೆರಡು ಚೌಕ. ಅಲ್ಲಲ್ಲಿ ಒಂದು ಚೌಕದ ಸುತ್ತ ಕೆಂಪು ಪೆನ್ಸಿಲಿನ ಗೆರೆ.)

ಅವಳು: ಕೆಂಪು ಗೆರೆ ಹಾಕಿರೋದು ನೀವು ಆರಿಸಿದ್ದು?

ನಾನು: ಹ್ಞೂಂ. ಫೋಟೊ ಪ್ರದರ್ಶನದ ಸಲೋನ್‌ಗೆ ಕಳಿಸೋಕೆ.

ಅವಳು: ಎತ್ತಿನ ಗಾಡಿ, ಧೂಳು. ಎತ್ತಿನ ಗಾಡಿ, ಧೂಳು, ಸೂರ್ಯ. ಸುಕ್ಕು ಮುಖದ ಮುದುಕ. ಸುಕ್ಕು ಮುಖದ ಇನ್ನೊಬ್ಬ ಮುದುಕ.

ನಾನು: ಒಬ್ಬನೇ ಅವನು, ಪೇಟ ಬೇರೆ. ಭಾನುವಾರ ಭಾನುವಾರ ಸಿಕ್ತಿದ್ದ, ಒಂದು ಕಟ್ಟು ಬೀಡಿ ಕೊಟ್ರೆ ಎಷ್ಟು ಹೊತ್ತು ಬೇಕಾದ್ರೂ ಕೂರೋನು. ನಗಬೇಡ. ಆಗ ಹಾಗೇ. ಬೆಂಗಳೂರಲ್ಲಿ 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಶುರುವಾಗಿತ್ತು. ಊರೂರಲ್ಲಿ ನನ್ನಂಥೋರು ರಾತ್ರಿಯೆಲ್ಲಾ ಕೂತು ಪ್ರಿಂಟ್ ಹಾಕಿ, ರಟ್ಟಿನ ನಡುವೆ ಇಟ್ಟು, ವಾಪಸ್ ಬರೋದಕ್ಕೆ ಸ್ಟಾಂಪೂ ಅಂಟಿಸಿ ಪಾರ್ಸಲ್ ಮಾಡ್ತಿದ್ವಿ. ಹೈದರಾಬಾದು, ಕಲ್ಕತ್ತ, ಸಿಂಗಪುರ. ಆಯ್ಕೆ ಆದ್ರೆ ಪ್ರಿಂಟಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ ಕಳಿಸೋರು. ಆ ಚೀಟಿಗೆ ಬದುಕಿದ್ವಿ ಕಣೇ.

ಅವಳು: ದುಡ್ಡು?

ನಾನು: ದುಡ್ಡಾ? ಪೋಸ್ಟಿಗೇ ಸಂಬಳದ ಒಂದು ಪಾಲು. ಘೋರ್ಪಡೆಯವರ ಹಾಗೆ ಸಂಡೂರಿನ ರಾಜಮನೆತನ ಆಗಿದ್ರೆ ಬೇರೆ ಮಾತು. ಅವರು ರಾಜ್ಯಕ್ಕೆ ಹಣಕಾಸು ಮಂತ್ರಿ, ಬಿಡುವಾದಾಗ ಕಾಡಲ್ಲಿ ಕೂತು ಆನೆ, ಹುಲಿಗಳನ್ನ ಕಪ್ಪು ಬಿಳುಪಲ್ಲಿ ತೆಗೆಯೋರು. ಆ ಕಪ್ಪಿನೊಳಗೂ ಚರ್ಮದ ಗೆರೆ ಕಾಣಬೇಕು, ಅದು ಕೈಚಳಕ. ನಾನು ಬರೀ ಪ್ರಿಂಟಿಂಗ್ ಕಲಿತೆ. ಏನನ್ನ ತೆಗೀಬೇಕು ಅನ್ನೋದು ಕಲೀಲಿಲ್ಲ. ಇದೇ ಊರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನ ಪತ್ರಿಕೇಲಿ ನೋಡಿ, "ಇದರಲ್ಲೇನಿದೆ, ಬೀದೀಲಿ ಆಡೋ ಮಕ್ಕಳು, ಮಂಜಿಲ್ಲ, ಕಿರಣ ಇಲ್ಲ" ಅಂದಿದ್ದೆ. ಅದೇ 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಅವರ ಆ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆ ಕಟ್ಟಡದಲ್ಲಿ ಪ್ರದರ್ಶನಕ್ಕೆ ನಿಂತವು. ನಾನು ಕುಕ್ಕರಹಳ್ಳಿ ಕೆರೆ ಮಂಜನ್ನ ಹನ್ನೆರಡು ಹದಿನೈದು ಇಂಚಿಗೆ ದೊಡ್ಡದು ಮಾಡ್ತಿದ್ದೆ.

ಅವಳು: ಇದೇನಾ ಆ ಮಂಜು? ನಾಲ್ಕನೇ ಚೌಕಕ್ಕೆ ಕೆಂಪು ಗೆರೆ ಇದೆ.

ನಾನು: ಅದೇ. 'ಮಾರ್ನಿಂಗ್ ಮೆಲೊಡಿ' ಅಂತ ಹೆಸರಿಟ್ಟಿದ್ದೆ. ಎಲ್ಲರೂ ಅದನ್ನೇ ಇಡ್ತಿದ್ವಿ. ಎರಡು ಕಡೆ ಆಯ್ಕೆ ಆಯ್ತು.

ಅವಳು: ಒಂದರಿಂದ ಹತ್ತರವರೆಗೂ ಕೆರೆ, ಮಂಜು, ಮರ. ಅದಿರಲಿ, ಹನ್ನೊಂದು, ಹನ್ನೆರಡರ ಮೇಲೆ ಪೆನ್ಸಿಲಲ್ಲಿ ಕಾಟು ಹೊಡೆದಿದೀರಲ್ಲ, ಇದು ಕೆರೆ ಅಲ್ಲ. ಇದು ಯಾರು?

ನಾನು: ಕನ್ನಡಕ ಕೊಡು. ಓ, ಅದಾ. ರೀಲು ಮುಗಿಸೋಕೆ ಹೊಡೆದದ್ದು. ಧಾರೆಗೆ ಹೊಸ ರೀಲು ಹಾಕಬೇಕಿತ್ತು, ಇದರಲ್ಲಿ ಎರಡು ಉಳಿದಿತ್ತು. ಅರ್ಧ ರೀಲನ್ನ ಕ್ಯಾಮೆರಾದಿಂದ ತೆಗೆಯೋ ಹಾಗಿಲ್ಲ. ಯಾವಾಗ್ಲೂ ಹಾಗೇ ಮಾಡ್ತಿದ್ದೆ. ಹತ್ತು ಕಲೆಗೆ, ಕೊನೇ ಎರಡು ಎದುರಿಗೆ ಏನು ಸಿಕ್ಕುತ್ತೋ ಅದಕ್ಕೆ.

ಅವಳು: ಮಾಮ, ಇದು ಅಮ್ಮ!

ನಾನು: ಅವಳೇ ಇರಬೇಕು. ಮದುವೆ ದಿನ ಬೆಳಗಿನ ಜಾವ, ಹಿತ್ತಲು. ಎಣ್ಣೆ ಒತ್ತೋಕೆ ಕೂರಿಸಿದ್ರು. ಬೆಳಕೇ ಇರಲಿಲ್ಲ, ಮೂವತ್ತನೇ ಒಂದು ಸೆಕೆಂಡು ಅಂತ ಅಂದಾಜಿಗೆ ಒತ್ತಿದೆ. ನಾನು ತಲೆ ತಗ್ಗಿಸಿ ನೋಡ್ತಿದ್ನಲ್ಲ, ಕ್ಯಾಮೆರಾ ಸರಿ ಮಾಡ್ತಿದಾನೆ ಅಂದುಕೊಂಡಿರಬೇಕು, ಫೋಟೊ ಅಂತ ಹೊಳೆದೇ ಇಲ್ಲ ಅವಳಿಗೆ.

ಅವಳು: ಅಂದ್ರೆ ಮದುವೆ ದಿನದ ಅಮ್ಮನ ಫೋಟೊ ಇದೆ. ನಲವತ್ತೈದು ವರ್ಷಕ್ಕೂ ಮೇಲಿಂದ ಇದೆ, ನೀವು ಕಾಟು ಹೊಡೆದಿದೀರಿ.

ನಾನು: ನೆಗೆಟಿವ್ ತೆಳ್ಳಗೆ ಕಣೇ. ಕೈ ಅಲುಗಿದೆ. ಕಾಂಪೊಸಿಷನ್ ಇಲ್ಲ, ಬಲಗಡೆ ಬಕೆಟ್ಟು ಅರ್ಧ ಕತ್ತರಿಸಿದೆ...

ಅವಳು: ಬಕೆಟ್ ಕತ್ತರಿಸಿದೆ ಅಂತ!

ನಾನು: ಆಗ ನಮಗೆ ಅದೇ ಮುಖ್ಯ. ನಿನಗೆ ಈಗ ಕೆಂಪು ಬೆಳಕು ಮುಖ್ಯ ಅನ್ನಿಸಲ್ವಾ? ಹಾಗೆ.

ಅವಳು: ಈ ಹನ್ನೊಂದರಲ್ಲಿ ಅಮ್ಮನ ತಲೆ ಮೇಲೆ ಒಂದು ಕೈ, ಎಣ್ಣೆ ಬಟ್ಟಲು. ಮುಖ ಇಲ್ಲ. ಯಾರ ಕೈ?

ನಾನು: ಇಲ್ಲಿ ಕೊಡು. ಆ ಕಡಗ... ಅಜ್ಜಿ.

ಅವಳು: ಅಜ್ಜಿದು ಫೋಟೊನೇ ಇಲ್ಲ ಅಂತಿದ್ರಲ್ಲ ಎಲ್ಲರೂ?

ನಾನು: ಇಲ್ಲ. ತೆಗೆಸ್ಕೊಂಡ್ರೆ ಆಯಸ್ಸು ಕಮ್ಮಿ ಅಂತ ಸೆರಗು ಮುಚ್ಕೊಳ್ಳೋರು. ತೊಂಬತ್ತೊಂದು ಬದುಕಿದ್ರು, ಮಾತಿಗೆ ತಕ್ಕ ಹಾಗೆ. ಇದೂ ಕೈ ಮಾತ್ರ, ಲೆಕ್ಕಕ್ಕಿಲ್ಲ.

ಅವಳು: ನೀವು ಯಾಕೆ ಬಿಟ್ರಿ ಮಾಮ ಫೋಟೊ ತೆಗೆಯೋದನ್ನ? ಡಿಜಿಟಲ್ ಬಂತು ಅನ್ನೋದು ಬೇಡ.

ನಾನು: ಅದೇ ಕಾರಣ, ಬೇರೆ ಕಾರಣ ಹುಡುಕಬೇಡ. 2004ರಲ್ಲಿ ಇಲ್ಫರ್ಡ್ ದಿವಾಳಿ ಅಂಚಿಗೆ ಬಂತು, ಅಲ್ಲಿನ ಮ್ಯಾನೇಜರುಗಳೇ ಕೊಂಡು ಉಳಿಸಿಕೊಂಡ್ರು. 2005ರಲ್ಲಿ ಅಗ್ಫಾಫೋಟೊ ಮುಳುಗಿತು. ಅದೇ ವರ್ಷ ಕೊಡಕ್‌ನವರು ಕಪ್ಪು ಬಿಳುಪು ಪೇಪರ್ ಮಾಡೋದು ನಿಲ್ಲಿಸ್ತೀವಿ ಅಂದ್ರು. ನಾನು ಪೇಪರ್ ಕೊಳ್ತಿದ್ದ ಅಂಗಡೀಲಿ ಆ ಕಪಾಟಿಗೆ ಮೊಬೈಲ್ ಕವರ್ ತೂಗುಹಾಕಿದ್ರು. ಕೊನೇ ಪ್ಯಾಕೆಟ್ ತಂದೆ, ಮುಗಿಸ್ದೆ, ಟ್ರೇ ತೊಳೆದಿಟ್ಟೆ. ಅತ್ತಿಲ್ಲ. ನಿಜ ಹೇಳ್ಬೇಕು ಅಂದ್ರೆ ಬ್ರೋಮೈಡ್ ಪೇಪರಿಗೋಸ್ಕರ ಹೆಂಡತಿ ಹತ್ತಿರ ಸುಳ್ಳು ಹೇಳೋದು ತಪ್ಪಿತಲ್ಲ ಅಂತ ಹಗುರ ಆಯ್ತು.

ಅವಳು: ಆದ್ರೂ ಈ ಶೀಟೆಲ್ಲ ನೋಡಿದ್ರೆ... ಇದು ನೋಡಿ, ಸಾಗರ ಅಂತ ಬರೆದಿದೆ, ಹತ್ತು ಜೋಗ ಜಲಪಾತ. ಹನ್ನೊಂದರಲ್ಲಿ ಅತ್ತೆ ಪಂಪ್ ಸ್ಟವ್ ಹಚ್ತಿದಾರೆ. ಇದರಲ್ಲಿ ಹತ್ತು ದೇವಸ್ಥಾನದ ಕಂಬ, ಹನ್ನೆರಡನೇದು ಅಣ್ಣನ ಮುರಿದ ಟ್ರೈಸಿಕಲ್. ಇದರಲ್ಲಿ ನಿಮ್ಮಪ್ಪ ಪೇಪರ್ ಓದ್ತಾ ನಿದ್ದೆ. ಕಾಟು, ಕಾಟು, ಕಾಟು. ಜೋಗ ಈಗ ಯಾರಿಗೆ ಬೇಕು ಮಾಮ, ಫೋನಲ್ಲಿ ಸಾವಿರ ಇದೆ. ಆ ಪಂಪ್ ಸ್ಟವ್ ಎಲ್ಲಿದೆ?

ನಾನು: ಅಷ್ಟು ಸುಲಭಕ್ಕೆ ಜೋಗನ ಎತ್ತಿ ಬಿಸಾಡಬೇಡ. ಆ ಹತ್ತು ತೆಗೀಬೇಕು ಅಂತಲ್ವಾ ರೀಲು ಹಾಕಿದ್ದು? ಸ್ಟವ್ ಹಚ್ಚೋದನ್ನ ತೆಗೆಯೋಕೆ ಅಂತ ಆ ಕಾಲದಲ್ಲಿ ಯಾವನು ರೀಲು ಕೊಳ್ತಿದ್ದ? ಮಂಜನ್ನ ಪ್ರಿಂಟ್ ಮಾಡಿ ಮಾಡಿನೇ ಬಿಳಿ ಒಳಗೆ ಬಿಳಿ ಬಿಡಿಸೋದು ನನಗೆ ಬಂದದ್ದು. ಬೇಕಾದ್ರೆ ಈಗ ಆ ತೆಳು ನೆಗೆಟಿವ್‌ನಿಂದ ನಿಮ್ಮಮ್ಮನ್ನ ಹೊರಗೆ ತೆಗೀತೀನಿ. ಕಾಟು ಹೊಡೆದದ್ದು ತಪ್ಪು, ಒಪ್ಕೋತೀನಿ. ಮಂಜು ತೆಗೆದದ್ದು ತಪ್ಪು ಅಂತ ಒಪ್ಪಲ್ಲ.

ಅವಳು: ಲೂಪ್ ಕೊಡಿ ಇಲ್ಲಿ. ಹನ್ನೆರಡರಲ್ಲಿ ಅಮ್ಮ ಕೈ ಎತ್ತಿದಾಳಲ್ಲ, ಬೇಡ ಅಂತಿದಾಳಾ?

ನಾನು: ಅದೇ ಇರಬೇಕು. ಬೇಡ ಹೋಗೋ ಅಂತ.

ಅವಳು: ಕೈಯಲ್ಲಿ ಏನೋ ಇದೆ. ದುಂಡಗೆ.

ನಾನು: ಬಳೆ.

ಅವಳು: ಬಳೆ ಬೆರಳಲ್ಲಿ ಹಿಡ್ಕೊಂಡು ಬಾಯಿ ಹತ್ತಿರ ತಗೊಂಡು ಹೋಗ್ತಾರಾ? ತಾಳಿ, ಫೋನಲ್ಲಿ ಹೊಡೆದು ಅಮ್ಮನಿಗೇ ಕಳಿಸ್ತೀನಿ.

(ಐದು ನಿಮಿಷಕ್ಕೆ ಫೋನ್ ಬಂತು. ಸ್ಪೀಕರಿಗೆ ಹಾಕಿದಳು.)

ತಂಗಿ: ಯಾರದು ಅದು ಎಣ್ಣೆ ಮೂತಿ? ನಂದಾ? ಎಲ್ಲಿತ್ತು ಇದು?

ನಾನು: ಅಟ್ಟದಲ್ಲಿತ್ತು ಕಣೇ. ನಿನ್ನ ಮದುವೆ ದಿನದ್ದು.

ತಂಗಿ: ಧಾರೆ ತೊಳೆದುಹಾಕಿ ಇದನ್ನ ಜೋಪಾನವಾಗಿ ಇಟ್ಟಿದೀಯಲ್ಲ, ನಿನಗೆ ದೊಡ್ಡ ನಮಸ್ಕಾರ. ಯಾರಿಗೂ ತೋರಿಸಬೇಡ ಅದನ್ನ.

ಅವಳು: ಅಮ್ಮ, ಕೈಯಲ್ಲಿ ಏನದು?

ತಂಗಿ: ಯಾವ ಕೈ? ಇರು, ದೊಡ್ಡದು ಮಾಡಿ ನೋಡ್ತೀನಿ. ...ಅಯ್ಯೋ. ಚಕ್ಕುಲಿ.

ನಾನು: ಚಕ್ಕುಲಿ? ಮುಹೂರ್ತ ಆಗೋವರೆಗೆ ಬಾಯಿಗೆ ಹನಿ ನೀರು ಹಾಕಬಾರದು ಅಂತ ಅಜ್ಜಿ ಕಟ್ಟುನಿಟ್ಟು ಮಾಡಿದ್ರಲ್ಲೇ! ಅಮ್ಮನಿಗೂ ಕಾಫಿ ಕೊಟ್ಟಿರಲಿಲ್ಲ.

ತಂಗಿ: ಕೊಟ್ಟಿದ್ದೇ ಅಜ್ಜಿ. ಹಿಂದಿನ ರಾತ್ರಿಯಿಂದ ಉಪವಾಸ, ತಲೆ ಸುತ್ತುತ್ತೆ ಅಂದೆ. ಎಣ್ಣೆ ಬಟ್ಟಲು ಕೆಳಗಿಟ್ಟು ಒಳಗೆ ಹೋಗಿ, ಸೆರಗಲ್ಲಿ ಮುಚ್ಚಿ ತಂದುಕೊಟ್ರು. "ಯಾರಿಗೂ ಹೇಳಬೇಡ, ತಿಂದು ಬಾಯಿ ಮುಕ್ಕಳಿಸು" ಅಂದ್ರು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ ನಾನು. ಎಲ್ಲಾ ಈ ಫೋಟೊದವನಿಂದ.

ಅವಳು: ಅಮ್ಮ, ಇದನ್ನ ಪ್ರಿಂಟ್ ಹಾಕ್ತೀವಿ. ಎರಡನ್ನೂ.

ತಂಗಿ: ಹಾಕಿದ್ರೆ ಆ ಚಕ್ಕುಲಿ ಕಾಣದ ಹಾಗೆ ಬೆಳ್ಳಗೆ ಬಿಡೋಕೆ ಹೇಳು ನಿಮ್ಮ ಮಾವನಿಗೆ. ಬೆಳ್ಳಗೆ ಮಾಡೋದು ಅವನಿಗೆ ಚೆನ್ನಾಗಿ ಬರುತ್ತೆ.

(ಫೋನ್ ಇಟ್ಟಳು.)

ಅವಳು: ನನ್ನ ಬ್ಯಾಗಲ್ಲಿ ಮಲ್ಟಿಗ್ರೇಡ್ ಪೇಪರಿದೆ, ಫಿಲ್ಟರೂ ಇದೆ. ಕೆಮಿಕಲ್ಲೂ ತಂದಿದೀನಿ. ಬಚ್ಚಲುಮನೆ ಖಾಲಿ ಇದೆಯಾ?

ನಾನು: ನಿಮ್ಮತ್ತೆ ಸ್ನಾನ ಆಗಲಿ. ಗವಾಕ್ಷಿಗೆ ಗೋಣಿಚೀಲ ಹುಡುಕು, ಹಿತ್ತಲಲ್ಲಿ ತೆಂಗಿನಕಾಯಿ ಚೀಲ ಇರಬೇಕು. ಮೂಲೆ ಅಂಗಡಿಯಿಂದ ಒಂದಿಷ್ಟು ಐಸು ತಾ. ಬಾಟಲಿ ಮೇಲೆ ಚೀಟಿ ಅಂಟಿಸಬೇಡ, ಪೈಂಟಲ್ಲಿ ಬರಿ.

ಅವಳು: ಎಷ್ಟು ಸೆಕೆಂಡ್ ಕೊಡಬೇಕಾಗುತ್ತೆ?

ನಾನು: ಒಟ್ಟು ಚಿತ್ರಕ್ಕೆ ಒಂದು ಶ್ಲೋಕ ಸಾಕು, ತೆಳು ನೆಗೆಟಿವ್ ಅದು. ಆಮೇಲೆ ಮಿಕ್ಕದ್ದಕ್ಕೆಲ್ಲ ಕೈ ಅಡ್ಡ ಹಿಡಿದು, ಚಕ್ಕುಲಿಗೆ ಮಾತ್ರ ಇನ್ನೆರಡು ಕೊಡಬೇಕು.